ಸೂತಕದಲ್ಲಿ ಗೋಡೆ ತಳ್ಳುವ ವಿಚಾರ

ಈ ಬರಹವನ್ನು ಕೈಗೆತ್ತಿಕೊಂಡಿರುವ ತಮ್ಮಲ್ಲಿ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದರಲ್ಲಿ ಬರುವ ಮಗು ನನ್ನ ತಮ್ಮನ ಮಗಳು. ಕಳೆದ ವರ್ಷ ಅವಳು ಒಂದನೆಯ ತರಗತಿಯಲ್ಲಿದ್ದಳು. ತಮ್ಮನು ಮಂಗಳೂರಿನ ಕಾವೂರಿನಲ್ಲಿ ನಮ್ಮ ಮನೆಗೆ ತಾಗಿಕೊಂಡಿರುವ ಸಣ್ಣ ದೇವಸ್ಥಾನವೊಂದರ ಅರ್ಚಕ. ನಾನು ಅವನ ಅಕ್ಕ. ವಾಸ ಅದೇ ಮನೆಯಲ್ಲಿ, ಉದ್ಯೋಗ ಹಂಪನಕಟ್ಟೆಯ ಕಚೇರಿಯೊಂದರ ಪತ್ರವ್ಯವಹಾರ ವಿಭಾಗದಲ್ಲಿ. ಈ ತನಕ ನಾನು ಬರೆದಿರುವುದೆಲ್ಲ ಕಚೇರಿಯ ಪತ್ರಗಳೇ ಆಗಿರುವುದರಿಂದ, ಬೇರೆ ತರಹದ ಬರವಣಿಗೆಯಲ್ಲಿ ಸಂಭವಿಸಬಹುದಾದ ಲೋಪಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ. ನಮ್ಮ ಮನೆಮಾತು ತುಳು. ಮನೆಯೊಳಗಿನ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಮಗು ಎಲ್ಲದಕ್ಕೂ ಡಿಕ್ಕಿ ಹೊಡೆಯುತ್ತಿದ್ದಳು. ಬಾಗಿಲು, ಕಂಬ, ಅಕ್ಕಿಯ ಮೂಟೆ, ಕಚೇರಿಯಿಂದ ಬಂದು ಚಪ್ಪಲಿ ಕಳಚುತ್ತಿರುವ ನಾನು, ಎಲ್ಲವೂ ಅವಳಿಗೆ ಸಮಾನ. ಓಡಿ ಬಂದು ಮೈಗೆ ಮೈ ಅಪ್ಪಳಿಸಿ, ಎರಡೂ ತೋಳುಗಳಿಂದ ಬಿಗಿಯಾಗಿ ಅಮುಕಿ ಹಿಡಿಯುವಳು. ಬಿಡಿಸಿದರೆ ಪುನಃ ಬರುವಳು. ಮುಖದಲ್ಲಿ ಸಿಟ್ಟಿನ ಲಕ್ಷಣವಾಗಲೀ ತುಂಟತನದ ಲಕ್ಷಣವಾಗಲೀ ಇರುತ್ತಿರಲಿಲ್ಲ. ಏನನ್ನೋ ಹುಡುಕುತ್ತಿರುವವರ ಗಂಭೀರ ಮುಖ ಅದು.

ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಮುಂಜಾನೆ. ತಮ್ಮನು ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ, ದೇವರಿಗೆ ನೀರಿನ ಬಿಂದಿಗೆ ಹೊತ್ತು ಬರುವನು. ಅದು ಮಡಿ. ಪೂಜೆ ಮುಗಿಯುವವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಮಗು ಎದ್ದ ಕೂಡಲೇ ಹಾಸಿಗೆಯಿಂದ ನೇರವಾಗಿ ಅಂಗಳಕ್ಕೆ ಹಾರಿ ಅಪ್ಪನ ಮೊಣಕಾಲಿಗೆ ಅಪ್ಪಳಿಸುವಳು. ಅವನು ಬಿಂದಿಗೆಯ ನೀರನ್ನು ಬಾಳೆಯ ಬುಡಕ್ಕೆ ಸುರಿದು ಪುನಃ ಸ್ನಾನಕ್ಕೆ ಹೋಗುವನು.

"ಮಾರಾಯ್ತಿ, ನಿನ್ನಿಂದ ನನ್ನ ಚರ್ಮ ಸವೆದು ಹೋಗ್ತದೆ," ಎನ್ನುವನು. ಹೊಡೆದದ್ದಿಲ್ಲ. ಆದರೆ ಹೊರಗೆ ಭಕ್ತರು ಕಾಯುತ್ತಿರುತ್ತಿದ್ದರು, ಗಂಟೆ ತಡವಾಗಿ ಮೊಳಗುತ್ತಿತ್ತು.

ಶಾಲೆಯಲ್ಲಿಯೂ ಇದೇ ಸ್ಥಿತಿ. ಸಾಲಿನಲ್ಲಿ ನಿಂತಾಗ ಮುಂದಿನವರನ್ನು ತಳ್ಳುವುದು, ಪಕ್ಕದವರನ್ನು ಉಸಿರುಗಟ್ಟುವ ಹಾಗೆ ಅಪ್ಪಿಕೊಳ್ಳುವುದು, ಅಂಗಿಯ ಕಾಲರನ್ನು ಜಗಿದು ಚಿಂದಿ ಮಾಡುವುದು. ತರಗತಿಯ ಟೀಚರ್ ಕೆಟ್ಟವರಲ್ಲ.

"ಹೊಡೆಯುವುದಲ್ಲ ಮೇಡಂ, ಪ್ರೀತಿಯಲ್ಲೇ ಬರ್ತಾಳೆ," ಎಂದರು. "ಆದರೆ ಬುಲ್ಡೋಜರ್ ಪ್ರೀತಿಯಲ್ಲಿ ಬಂದರೂ ಬುಲ್ಡೋಜರೇ ಅಲ್ವಾ?"

ಮುಖ್ಯೋಪಾಧ್ಯಾಯಿನಿಯವರು ನಗಲಿಲ್ಲ. ಈ ವರ್ಷ ಮುಗಿಯುವುದರೊಳಗೆ ಸುಧಾರಣೆ ಕಾಣದಿದ್ದಲ್ಲಿ, ಎರಡನೆಯ ತರಗತಿಗೆ ಬೇರೆ ಶಾಲೆ ನೋಡಿಕೊಳ್ಳಬೇಕಾಗುವುದೆಂದು ನಮ್ಮನ್ನು ಕೂರಿಸಿ ಸ್ಪಷ್ಟವಾಗಿ ತಿಳಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಶಾಲೆಯೆಂದರೆ ಮಗುವಿಗೆ ಪ್ರಾಣ. ಭಾನುವಾರವೂ ಎದ್ದು ಚೀಲ ಹುಡುಕುವವಳು. ಅವಳಿಗೆ ಆ ಶಾಲೆ ಉಳಿಯುತ್ತದೋ ಇಲ್ಲವೋ ಎಂಬುದೇ ಅಂದಿನಿಂದ ನಮ್ಮ ಮನೆಯ ಮುಂದಿದ್ದ ಪ್ರಶ್ನೆ.

ಮಕ್ಕಳ ವೈದ್ಯರು ಪರೀಕ್ಷಿಸಿ ಆಕ್ಯುಪೇಷನಲ್ ಥೆರಪಿಗೆ ಕಳುಹಿಸಿದರು.

"ಆಕ್ಯುಪೇಷನ್ ಅಂದ್ರೆ ಉದ್ಯೋಗ ಅಲ್ವಾ ಅಕ್ಕಾ?" ಎಂದು ತಮ್ಮ ಕೇಳಿದ. "ಒಂದನೇ ಕ್ಲಾಸಿನವಳಿಗೆ ಎಂತ ಉದ್ಯೋಗ?"

ನನಗೂ ಗೊತ್ತಿರಲಿಲ್ಲ. ಶನಿವಾರ ನನಗೆ ಅರ್ಧ ದಿನ ಕೆಲಸವಾದ್ದರಿಂದ ಕರೆದುಕೊಂಡು ಹೋಗುವ ಹೊಣೆ ನನಗೆ ಬಂತು.

ಕೇಂದ್ರವಿದ್ದದ್ದು ನಂತೂರಿನಲ್ಲಿ, ಹೆದ್ದಾರಿಯಿಂದ ಒಳಗೆ ಸರಿದ ಓಣಿಯೊಂದರ ಕಟ್ಟಡದಲ್ಲಿ. ಲಾರಿಗಳು ಗೇರ್ ಬದಲಿಸುವ ಸದ್ದು ಒಳಗೂ ಕೇಳಿಸುತ್ತಿತ್ತು. ಶಬ್ದಕ್ಕೆ ಬೆಚ್ಚುವ ಮಕ್ಕಳೂ ಬರುವ ಜಾಗವನ್ನು ಇಲ್ಲಿ ಯಾಕೆ ಇಟ್ಟಿರಿ ಎಂದು ನಾನು ಮೊದಲ ದಿನವೇ ಕೇಳಿದೆ. ಥೆರಪಿಸ್ಟ್ ಸುಮಾರು ಮೂವತ್ತರ ಪ್ರಾಯದ ಬ್ಯಾರಿ ಮುಸ್ಲಿಂ ಹೆಣ್ಣುಮಗಳು. ತಲೆವಸ್ತ್ರದ ತುದಿಯನ್ನು ಮಕ್ಕಳು ಎಳೆಯದ ಹಾಗೆ ಒಳಗೆ ಸಿಕ್ಕಿಸಿಕೊಂಡಿದ್ದರು.

"ಮಕ್ಕಳು ನಾಳೆ ಇರಬೇಕಾದ್ದು ಮಂಗಳೂರಿನಲ್ಲೇ ಅಲ್ವಾ ಅಕ್ಕಾ? ಹಿಮಾಲಯದಲ್ಲಿ ಅಲ್ಲವಲ್ಲ," ಎಂದು ನಕ್ಕರು. "ಒಳಗೆ ಒಂದು ಸದ್ದಿಲ್ಲದ ಕೋಣೆ ಉಂಟು. ಬೇಕಾದವರಿಗೆ ಅಲ್ಲಿಂದ ಶುರು."

ಹೊರಗಿನ ದೊಡ್ಡ ಕೋಣೆಯಲ್ಲಿ ಸೂರಿಗೆ ತೂಗುಹಾಕಿದ ಬಟ್ಟೆಯ ಜೋಲಿಗಳು, ಹತ್ತಿಳಿಯಲು ಮೆತ್ತೆಯ ಗುಡ್ಡ, ದೊಡ್ಡ ಚೆಂಡು, ಅಕ್ಕಿ ತುಂಬಿದ ತೊಟ್ಟಿ ಇದ್ದವು. ಮಗು ಒಳಹೊಕ್ಕವಳೇ ಮೆತ್ತೆಗೆ ಅಪ್ಪಳಿಸಿದಳು. ಥೆರಪಿಸ್ಟ್ ತಡೆಯಲಿಲ್ಲ. ಇನ್ನೊಂದು ಮೆತ್ತೆ ತಂದು ಅವಳ ಮೇಲಿಟ್ಟು, ತಮ್ಮ ಅಂಗೈಗಳಿಂದ ನಿಧಾನವಾಗಿ ಒತ್ತಿದರು. "ಸಾಕಾ? ಇನ್ನೂ ಬೇಕಾ?" ಎಂದು ಕೇಳುತ್ತಾ ಒತ್ತಿದರು. "ಇನ್ನೂ," ಎಂಬ ಧ್ವನಿ ಮೆತ್ತೆಗಳ ನಡುವಿನಿಂದ ಬಂತು. ಹೊರಬಂದ ಮೇಲೆ ಮಗು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಅಕ್ಕಿಯಲ್ಲಿ ಕೈಯಾಡಿಸತೊಡಗಿದಳು. ಅವಳು ಹಾಗೆ ತಾನಾಗಿ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ. ಇದು ಹೇಗಾಯಿತೆಂದು ತಿಳಿಸುವಂತೆ ಕೋರಿದೆ.

"ಕಣ್ಣು ಮುಚ್ಚಿ ಅಕ್ಕಾ. ಈಗ ನಿಮ್ಮ ಎಡಗೈ ಎಲ್ಲುಂಟು?"

"ಮಡಿಲಲ್ಲಿ."

"ನೋಡದೆ ಹೇಗೆ ಗೊತ್ತಾಯ್ತು?"

ಇಷ್ಟು ವರ್ಷ ಈ ಕೈಯನ್ನು ಇಟ್ಟುಕೊಂಡು ಒಮ್ಮೆಯೂ ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಸ್ನಾಯುಗಳಿಂದಲೂ ಕೀಲುಗಳಿಂದಲೂ ಮೆದುಳಿಗೆ ಸದಾ ಸುದ್ದಿ ಹೋಗುತ್ತಿರುತ್ತದೆಯೆಂದೂ, ಕೈ ಇಲ್ಲಿದೆ, ಕಾಲು ಅಲ್ಲಿದೆ, ಇಷ್ಟು ಬಲ ಹಾಕಿದ್ದೇನೆ ಎಂಬುದೆಲ್ಲ ನಮಗೆ ತಿಳಿಯುವುದು ಅದರಿಂದಲೇ ಎಂದೂ ಅವರು ವಿವರಿಸಿದರು. ಕೆಲವು ಮಕ್ಕಳಿಗೆ ಆ ಸುದ್ದಿ ಮಂದವಾಗಿ ತಲುಪುತ್ತದೆ. ಬಲವಾಗಿ ಒತ್ತಿದಾಗ, ತಳ್ಳಿದಾಗ, ಭಾರ ಎತ್ತಿದಾಗ ಮಾತ್ರ ಅವರಿಗೆ ತಮ್ಮ ಮೈ ಸ್ಪಷ್ಟವಾಗುತ್ತದೆ. ಮಗು ಜನರಿಗೆ ಅಪ್ಪಳಿಸುತ್ತಿರುವುದು ಬಹುಶಃ ಆ ಕಾರಣಕ್ಕೆ.

"ಎಲ್ಲಾ ಮಕ್ಕಳಿಗೂ ಇದರಿಂದ ಸರಿಯಾಗ್ತದೆ ಅಂತ ನಾನು ಹೇಳುವುದಿಲ್ಲ," ಎಂದೂ ಸೇರಿಸಿದರು. "ಮಾಡಿ ನೋಡುವ. ಅವಳೇ ತೋರಿಸ್ತಾಳೆ."

ಮರಳುವಾಗ ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಿ ಬಲಗಾಲಿನ ಹೆಬ್ಬೆರಳು ಎಲ್ಲಿದೆಯೆಂದು ಪರಿಶೀಲಿಸಿದೆ. ಚಪ್ಪಲಿಯೊಳಗೆ, ಸ್ವಲ್ಪ ಎಡಕ್ಕೆ ವಾಲಿಕೊಂಡು, ಇತ್ತು. ತದನಂತರ ಮೊಣಕೈ, ತದನಂತರ ನಾಲಿಗೆ. ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿಯೇ ಹಾಜರಿದ್ದವು. "ಮೇಡಂ, ಕಾವೂರು ಬಂತು, ನಿದ್ರೆ ಸಾಕು!" ಎಂದು ಕಂಡಕ್ಟರ್ ಕೂಗಿದ. ಮಗು ಬಿದ್ದು ಬಿದ್ದು ನಕ್ಕಳು.

ಕೇಂದ್ರದ ಹೊರಗಿನ ಬೆಂಚಿನಲ್ಲಿ ನನಗೆ ಪ್ರತಿ ವಾರ ಜೊತೆಯಾಗುತ್ತಿದ್ದವರು ಇನ್ನೊಬ್ಬ ಮಗುವಿನ ತಾಯಿ. ಗಂಡ ಸೌದಿಯ ದಮ್ಮಾಮಿನಲ್ಲಿ ಅಂಗಡಿ ಇಟ್ಟವರು. ಆಕೆಯ ಮಗಳ ತೊಂದರೆ ನಮ್ಮದಕ್ಕೆ ತದ್ವಿರುದ್ಧ. ಹೊಸ ಬಟ್ಟೆಯ ಹೊಲಿಗೆ ತಾಗಿದರೂ ಅಳು, ಯಾರಾದರೂ ಕೆನ್ನೆ ಸವರಿದರೂ ಅಳು, ಜೋರು ಸದ್ದಾದರೂ ಅಳು. ಮದುವೆಮನೆಗೆ ಕರೆದುಕೊಂಡು ಹೋದರೆ ಕೈಗೆ ಮದರಂಗಿ ಹಚ್ಚಿಸಿಕೊಳ್ಳಲು ಬಿಡುವುದಿಲ್ಲವಂತೆ.

"ನಿಮ್ಮದಕ್ಕೆ ಎಷ್ಟು ಒತ್ತಿದರೂ ಸಾಲುವುದಿಲ್ಲ, ನನ್ನದಕ್ಕೆ ಮುಟ್ಟಿದರೇ ಹೆಚ್ಚು," ಎಂದರು ಆಕೆ. "ಇಬ್ಬರನ್ನೂ ಮಿಕ್ಸಿಗೆ ಹಾಕಿ ಒಮ್ಮೆ ತಿರುಗಿಸಿದ್ರೆ ಎರಡು ಹದವಾದ ಮಕ್ಕಳು ಸಿಗ್ತಿದ್ರು ನೋಡಿ."

"ಮಿಕ್ಸಿಯ ಸದ್ದಿಗೆ ನಿಮ್ಮವಳು ಬಿಡಬೇಕಲ್ಲ?"

"ಅದೂ ಹೌದು ಮಾರಾಯ್ರೆ! ಕಡೆಯುವ ಕಲ್ಲೇ ಗತಿ."

ಒಂದೇ ಗಾಳಿ, ಒಂದೇ ಬಟ್ಟೆ, ಒಂದೇ ಸದ್ದು ಒಬ್ಬೊಬ್ಬರ ಮೈಗೆ ಬೇರೆ ಬೇರೆಯಾಗಿ ತಲುಪುತ್ತದೆಂಬುದು ನನ್ನ ತಲೆಯಿಂದ ಹೋಗಲೇ ಇಲ್ಲ. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರಲೊಲ್ಲದ ಗುಮಾಸ್ತರನ್ನು, ಗಂಟಲವರೆಗೆ ಹೊದ್ದುಕೊಳ್ಳದೆ ನಿದ್ರಿಸಲಾರದ ನನ್ನನ್ನು, ಎಲ್ಲರನ್ನೂ ಹೊಸದಾಗಿ ನೋಡತೊಡಗಿದೆ. ಒಂದು ಭಾನುವಾರ ಮಧ್ಯಾಹ್ನ, ಮಗುವಿಗೆ ಹೇಗೆನಿಸುವುದೆಂದು ತಿಳಿಯುವ ಸಲುವಾಗಿ, ಕೋಣೆಯಲ್ಲಿ ಚಾಪೆ ಹಾಸಿ, ಅಂಚಿನಲ್ಲಿ ಮಲಗಿ, ಅದರೊಳಗೆ ನನ್ನನ್ನೇ ಸುತ್ತಿಕೊಂಡೆ. ಸುತ್ತಿಕೊಳ್ಳುವುದು ಸುಲಭವಾಯಿತು. ಬಿಡಿಸಿಕೊಳ್ಳುವುದು ಆಗಲಿಲ್ಲ. ತಮ್ಮನ ಹೆಂಡತಿ ಬಟ್ಟೆ ಮಡಚಿಡಲು ಬಂದವಳು ಬಾಗಿಲಲ್ಲಿಯೇ ನಿಂತಳು.

"ಎಂತ ಅತ್ತಿಗೆ ಇದು?"

"ಪರಿಶೀಲನೆ," ಎಂದೆ.

"ಮುಗಿಯಿತಾ, ಇನ್ನೂ ಉಂಟಾ?"

ನಿಜ ಹೇಳಬೇಕೆಂದರೆ ಒಳಗೆ ಹಿತವಾಗಿತ್ತು. ಸ್ವಲ್ಪ ತಡೆದು ಬಿಡಿಸುವಂತೆ ಕೇಳಿಕೊಂಡೆ.

ಮನೆಯಲ್ಲಿ ದಿನವೂ ಮಾಡಿಸಲು ಥೆರಪಿಸ್ಟ್ ಕೆಲವು ಕೆಲಸಗಳನ್ನು ಸೂಚಿಸಿದ್ದರು. ಗೋಡೆ ತಳ್ಳುವುದು, ಅಕ್ಕಿಯ ಸಣ್ಣ ಚೀಲ ಹೊತ್ತು ನಡೆಯುವುದು, ಚಾಪೆಯಲ್ಲಿ ಸುತ್ತುವುದು, ದಿಂಬಿನಿಂದ ಒತ್ತುವುದು. ಶಾಲೆಗೆ ಹೊರಡುವ ಮೊದಲು ಕೆಲವು, ಬಂದ ಮೇಲೆ ಕೆಲವು, ಆ ದಿನ ಅವಳಿಗೆ ಯಾವುದು ಬೇಕೋ ಅದು. ಮುಂಜಾನೆಯ ಮಡಿಯ ಸಂಕಟವನ್ನೂ ಅವರ ಮುಂದಿಟ್ಟೆವು. ಆಗ ಅವರು ಕೇಳಿದ ಪ್ರಶ್ನೆ ಬಹಳ ಸರಳವಾಗಿತ್ತು: ಅಪ್ಪ ಸ್ನಾನಕ್ಕೆ ಹೋಗುವ ಮೊದಲೇ ಮಗುವನ್ನು ಎಬ್ಬಿಸಿ ಇದನ್ನೆಲ್ಲ ಮಾಡಿಸಿದರೆ ಏನಾಗುತ್ತದೆ? ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಏನೂ ಆಗುವುದಿಲ್ಲ.

ಹೀಗೆ ಕೆಲಸವು ತಮ್ಮನ ಕೈಗೆ ಬಂತು. ಅವನು ಅದನ್ನು ಎಷ್ಟು ಶ್ರದ್ಧೆಯಿಂದ ವಹಿಸಿಕೊಂಡನೆಂದರೆ, ಚಾವಡಿಯ ಪೂರ್ವದ ಗೋಡೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿದನು. ಮಗು ನಿಲ್ಲಲು ಮಣೆ ಹಾಕಿದನು. ಮೊದಲು ಗೋಡೆ, ಬಲಗೈ ಮುಂದೆ. ಆಮೇಲೆ ಚೀಲ, ಕಂಬವನ್ನು ಬಲಕ್ಕಿಟ್ಟುಕೊಂಡು ಸುತ್ತು. ಆಮೇಲೆ ಚಾಪೆ. ಕೊನೆಗೆ ದಿಂಬು. ಮುಗಿದಾಗ ಅವನು ಎರಡೂ ಕೈ ಜೋಡಿಸಿ "ಆಯಿತು," ಎನ್ನುವನು, ಮಗುವೂ ಕೈ ಜೋಡಿಸಿ "ಆಯಿತು," ಎನ್ನುವಳು. ಯಾರೂ ಅವನಿಗೆ ಹೀಗೆ ಮಾಡೆಂದು ಹೇಳಿರಲಿಲ್ಲ. ಕೆಲಸವೊಂದನ್ನು ಚೆನ್ನಾಗಿ ಮಾಡುವುದೆಂದರೆ ಅವನಿಗೆ ಗೊತ್ತಿದ್ದ ರೀತಿ ಅದೊಂದೇ.

ಪರಿಣಾಮವೂ ಕಂಡುಬಂತು. ಅಂಗಳದಲ್ಲಿ ಬಿಂದಿಗೆ ಸುರಿಯುವುದು ನಿಂತಿತು. ಕಾಲರುಗಳು ಉಳಿದವು. "ಈಗ ಬುಲ್ಡೋಜರ್ ಅಲ್ಲ, ಆಟೋರಿಕ್ಷಾ," ಎಂದು ಟೀಚರ್ ವರದಿ ಮಾಡಿದರು. ಒಂದು ಅಂಶ ಮಾತ್ರ ನನಗೆ ಸ್ವಲ್ಪ ವಿಚಿತ್ರವೆನಿಸಿತು. ಒಮ್ಮೆ ದಿಂಬು ಚಾಪೆಗಿಂತ ಮೊದಲು ಬಂದಾಗ ಮಗು ಒಪ್ಪದೆ ಮೊದಲಿನಿಂದ ಎಲ್ಲವನ್ನೂ ಪುನಃ ಮಾಡಿಸಿದಳು. ತಮ್ಮನು ಅದನ್ನು ಮೆಚ್ಚಿದನು. "ಕ್ರಮ ಗೊತ್ತುಂಟು ಅವಳಿಗೆ," ಎಂದನು.

ಹೀಗಿರುವಾಗ ಉಡುಪಿಯ ಕಡೆಯ ನಮ್ಮ ದಾಯಾದಿ ಹಿರಿಯರೊಬ್ಬರು ತೀರಿಕೊಂಡರು. ನಮಗೆಲ್ಲ ಸೂತಕ ಬಂತು. ಸೂತಕ ಕಳೆಯುವವರೆಗೆ ತಮ್ಮನು ದೇವಸ್ಥಾನದೊಳಗೆ ಹೋಗುವಂತಿಲ್ಲ. ಪೂಜೆಗೆ ಬೇರೆ ಅರ್ಚಕರನ್ನು ಗೊತ್ತುಮಾಡಿ, ಅವನು ಅಪರಕ್ರಿಯೆಗೆಂದು ಆ ಮನೆಗೆ ಹೋದನು. ಮಗು ಎಂದಿನಂತೆ ಶಾಲೆಗೆ ಹೋಗುತ್ತಿದ್ದಳು.

ಆ ದಿನಗಳಲ್ಲೊಂದು ಬೆಳಿಗ್ಗೆ ಶಾಲೆಯಿಂದ ಕರೆ ಬಂತು. ಪ್ರಾರ್ಥನೆಯ ಸಾಲಿನಲ್ಲಿ ಮಗು ಮುಂದಿದ್ದ ಹುಡುಗಿಗೆ ಹಿಂದಿನಿಂದ ಅಪ್ಪಳಿಸಿದ್ದಳು. ಆ ಹುಡುಗಿ ಮೆಟ್ಟಿಲಿನ ಮೇಲೆ ಬಿದ್ದು ಗದ್ದಕ್ಕೆ ಹೊಲಿಗೆ ಬಿದ್ದಿತ್ತು. ನಾನು ರಜೆ ಪಡೆದು ಧಾವಿಸಿದೆ. ಮುಖ್ಯೋಪಾಧ್ಯಾಯಿನಿಯವರ ಕೋಣೆಯ ಮೂಲೆಯಲ್ಲಿ ನಮ್ಮ ಮಗು ತನ್ನ ತೋಳುಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

"ಇವತ್ತು ಸಂಜೆ ಆ ಮಗುವಿನ ಅಪ್ಪ ಬಂದು ಕೇಳಿದ್ರೆ ನಾನು ಎಂತ ಹೇಳಲಿ, ಹೇಳಿ?" ಎಂದರು ಅವರು. ಪ್ರಶ್ನೆ ನ್ಯಾಯವಾದದ್ದು. "ಪರೀಕ್ಷೆಗೆ ಮೊದಲು ನಾನೇ ಒಂದು ದಿನ ಸಾಲಿನ ಹತ್ತಿರ ನಿಂತು ಇವಳನ್ನು ನೋಡ್ತೇನೆ. ಅವತ್ತೇ ತೀರ್ಮಾನ."

ಶನಿವಾರ ನಂತೂರಿಗೆ ತಮ್ಮನೂ ಬಂದನು. ಉಳಿದ ದಿನಗಳ ಕ್ರಿಯೆಗೆ ಪುನಃ ಉಡುಪಿಗೆ ಹೋಗಲಿಕ್ಕಿತ್ತು. ಮುಖ ಬೋಳಿಸದೆ ಕುರುಚಲು ಗಡ್ಡ ಬಂದಿತ್ತು.

"ಇಷ್ಟು ಚಂದ ನಡೀತಿತ್ತಲ್ಲ?" ಎಂದು ಥೆರಪಿಸ್ಟ್ ಕೇಳಿದರು. "ಮನೆಯಲ್ಲಿ ಎಂತ ಬದಲಾಯ್ತು? ನಿದ್ರೆ? ಊಟ?"

"ಏನೂ ಇಲ್ಲ," ಎಂದನು ತಮ್ಮ.

"ಗೋಡೆ, ಚಾಪೆ ಎಲ್ಲ ನಡೀತಾ ಉಂಟಲ್ಲ?"

"ಇಲ್ಲ. ಸೂತಕ ಅಲ್ವಾ?"

ಇದು ಎಲ್ಲರಿಗೂ ತಿಳಿದ ಸಂಗತಿ ಎಂಬಂತೆ ಅವನು ಹೇಳಿದನು. ನನಗೂ ಅದರಲ್ಲಿ ಹೇಳಬೇಕಾದದ್ದೇನೂ ಕಾಣಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ತಮ್ಮನ ಹೆಂಡತಿ ಅವನು ಹೊರಡುವ ದಿನ "ಇದನ್ನು ನಾನು ಮಾಡಿಸ್ಲಿಕ್ಕೆ ಉಂಟಾ?" ಎಂದು ಕೇಳಿದ್ದಳು, ಅವನು "ಸೂತಕ ಕಳೀಲಿ, ಆಮೇಲೆ ಶುರು ಮಾಡುವ," ಎಂದಿದ್ದನು, ನಾನು ಪಕ್ಕದಲ್ಲಿಯೇ ಚಹಾ ಕುಡಿಯುತ್ತಿದ್ದೆ. ಪೂಜೆ ನಿಂತಿತು, ದೀಪ ನಿಂತಿತು, ಗೋಡೆ ತಳ್ಳುವುದೂ ನಿಂತಿತು. ಎಲ್ಲವೂ ಒಂದೇ ಆದೇಶದಡಿ ನಿಂತ ಹಾಗೆ.

ಥೆರಪಿಸ್ಟ್ ತಲೆವಸ್ತ್ರದ ತುದಿಯನ್ನು ಪುನಃ ಒಳಗೆ ಸಿಕ್ಕಿಸಿಕೊಂಡರು. ನಗು ತಡೆದುಕೊಳ್ಳುತ್ತಿದ್ದರೆಂದು ನನ್ನ ಅಂದಾಜು.

"ಅಣ್ಣಾ, ಸೂತಕದಲ್ಲಿ ಅವಳಿಗೆ ಊಟ ಹಾಕ್ತೀರಲ್ಲ?"

"ಹಾಕದೆ? ಮಗು ಅಲ್ವಾ!"

"ಇದನ್ನೂ ಆ ಲೆಕ್ಕಕ್ಕೆ ಸೇರಿಸಿ. ಊಟದ ಲೆಕ್ಕಕ್ಕೆ. ಪೂಜೆಯ ಲೆಕ್ಕಕ್ಕೆ ಬೇಡ."

ತಮ್ಮನು ಕುರುಚಲು ಗಡ್ಡವನ್ನು ಕೆರೆದುಕೊಂಡನು. ತದನಂತರ ಕೇಳಿದ ಪ್ರಶ್ನೆ ಅವನ ಮನಸ್ಸು ಎಲ್ಲಿತ್ತೆಂಬುದನ್ನು ತೋರಿಸಿತು. "ಹಾಗಾದ್ರೆ ಕ್ರಮ ತಪ್ಪಿದರೂ ದೋಷ ಇಲ್ವಾ?"

"ಕ್ರಮ ತಪ್ಪಿಸಬೇಕು," ಎಂದರು ಅವರು. "ನೀವು ಮಾಡಿಸಿದ್ದರಲ್ಲಿ ತಪ್ಪಿಲ್ಲ ಅಣ್ಣಾ, ನೀವು ಮಾಡಿದಷ್ಟು ಯಾರೂ ಮಾಡುವುದಿಲ್ಲ. ಆದರೆ ಶಾಲೆಗೆ ಚಾಪೆ, ಮಣೆ, ಅಪ್ಪ, ಎಲ್ಲ ಹೋಗ್ಲಿಕ್ಕೆ ಆಗ್ತದಾ? ನನಗೆ ಈಗ ಬೇಕು ಅಂತ ಅವಳಿಗೇ ಗೊತ್ತಾಗಬೇಕು. ಎಲ್ಲಿ ಸಿಗ್ತದೋ ಅಲ್ಲಿಂದ ತೆಗೆದುಕೊಳ್ಳಬೇಕು."

ಆ ಸಂಜೆಯೇ ಮನೆಯಲ್ಲಿ ಕೆಲಸ ಪುನರಾರಂಭವಾಯಿತು. ಸೂತಕ ಇನ್ನೂ ಮುಗಿದಿರಲಿಲ್ಲ. ತಮ್ಮನು ಮಣೆಯನ್ನು ಎತ್ತಿ ಅಟ್ಟಕ್ಕೆ ಹಾಕಿದನು. ಇಂದು ದಿಂಬು ಮೊದಲು ಎಂದನು. ಮಗು ಚೀರಿದಳು. ಅತ್ತು, ನೆಲಕ್ಕೆ ಬಿದ್ದು, ಗೋಡೆಯ ಬಳಿಗೆ ಅವನನ್ನು ಎಳೆದಳು. ಕ್ರಮವನ್ನು ಬಿಡಿಸುವುದು ಕಲಿಸಿದ್ದಕ್ಕಿಂತ ಬಹಳ ಕಷ್ಟವಾಯಿತು, ಮತ್ತು ಇಬ್ಬರಲ್ಲಿ ಹೆಚ್ಚು ಕಷ್ಟಪಟ್ಟವರು ಯಾರೆಂದು ನಾನು ಖಚಿತವಾಗಿ ಹೇಳಲಾರೆ. ಅವಳು ಬಲಗೈಯ ಬದಲು ಎಡಗೈಯನ್ನು ಮುಂದಿಟ್ಟು ಗೋಡೆ ತಳ್ಳಿದಾಗ ಅವನ ಕೈ ತಿದ್ದಲು ತಾನಾಗಿ ಮೇಲೇಳುತ್ತಿತ್ತು. ಅದನ್ನು ಅವನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದನು. ಕೆಲವು ವಾರಗಳ ನಂತರ, ಒಂದು ಸಂಜೆ, ಮಗು ಅಡುಗೆಮನೆಗೆ ಬಂದು, ಯಾರೂ ಹೇಳದೆ, ಹಲಸಿನ ಹಪ್ಪಳದ ಹಿಟ್ಟು ನಾದುತ್ತಿದ್ದ ತಾಯಿಯನ್ನು ಸರಿಸಿ ತಾನು ನಾದಿದಳು. ಮುಷ್ಟಿಯಿಂದ ಗುದ್ದಿ ಗುದ್ದಿ ನಾದಿ, "ಆಯಿತು," ಎಂದು ಹೊರಟುಹೋದಳು. ಅದಾದ ಮೇಲೆ ಅವಳ ತಾಯಿ ಹಿಟ್ಟು ನಾದಿದ್ದನ್ನು ನಾನು ನೋಡಿಲ್ಲ.

ಥೆರಪಿಸ್ಟ್ ಶಾಲೆಗೂ ಬಂದು ಟೀಚರ್ ಜೊತೆ ಮಾತಾಡಿದರು. ಭಾರದ ಕೆಲಸವೇನಾದರೂ ಇದ್ದರೆ ಮಗುವಿಗೆ ಕೊಡಬೇಕೆಂದು ಕೇಳಿದರು. "ಕೆಲಸಕ್ಕೆ ಎಂತ ಬರಗಾಲ?" ಎಂದ ಟೀಚರ್ ಅಂದಿನಿಂದ ಕಾಪಿ ಪುಸ್ತಕಗಳ ಕಟ್ಟನ್ನು ಅವಳಿಂದಲೇ ಹೊರಿಸಿದರು. ಸಾಲಿನಲ್ಲಿ ನಿಲ್ಲುವುದು ಮಾತ್ರ ಹಾಗೆಯೇ ಉಳಿದಿತ್ತು. ಅಲ್ಲಿ ಹೊರಲು ಏನೂ ಇರುವುದಿಲ್ಲ, ಮುಂದೆ ಒಂದು ಬೆನ್ನು ಮಾತ್ರ ಇರುತ್ತದೆ.

ತೀರ್ಮಾನದ ದಿನ ತಮ್ಮನೂ ನಾನೂ ಶಾಲೆಯ ಜಗಲಿಯ ಒಂದು ತುದಿಯಲ್ಲಿ ನಿಂತೆವು. ಮುಖ್ಯೋಪಾಧ್ಯಾಯಿನಿಯವರು ಇನ್ನೊಂದು ತುದಿಯಲ್ಲಿ. ಗಂಟೆ ಹೊಡೆಯಿತು. ಮಕ್ಕಳು ಸಾಲಾದರು. ನಮ್ಮ ಮಗುವಿನ ಮುಂದೆ ನಿಂತಿದ್ದವಳು ಗದ್ದಕ್ಕೆ ಪೆಟ್ಟಾಗಿದ್ದ ಅದೇ ಹುಡುಗಿ. ಅವಳು ಹಿಂದಿರುಗಿ ನೋಡಿ ಒಂದು ಹೆಜ್ಜೆ ಮುಂದೆ ಸರಿದಳು. ನಮ್ಮ ಮಗುವಿನ ಭುಜಗಳು ಮೇಲೇರುವುದು ನನಗೆ ಕಂಡಿತು. ಕಾಲರಿನ ತುದಿ ಬಾಯಿಗೆ ಹೋಯಿತು. ತಮ್ಮನು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದನು, ಬಹುಶಃ ಅವನಿಗದು ತಿಳಿದಿರಲಿಲ್ಲ.

ಮಗು ಸಾಲು ಬಿಟ್ಟು ಹೊರಬಂದಳು. ಜಗಲಿಯ ಗೋಡೆಯ ಬಳಿಗೆ ಹೋಗಿ ಎರಡೂ ಅಂಗೈಗಳನ್ನು ಅದರ ಮೇಲಿಟ್ಟಳು. ಕಾಲುಗಳನ್ನು ಹಿಂದಕ್ಕೆ ಸರಿಸಿ, ತಲೆ ತಗ್ಗಿಸಿ, ಇಡೀ ಶಾಲೆಯನ್ನು ಕಾವೂರಿಗೆ ಸಾಗಿಸುವವಳಂತೆ ತಳ್ಳಿದಳು. ಪ್ರಾರ್ಥನೆ ಶುರುವಾಗಿತ್ತು. ಅವಳು ತಳ್ಳುತ್ತಲೇ ಹಾಡಿದಳು. ಮತ್ತೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸಾಲಿಗೆ ಬಂದು, ಮುಂದಿನವಳ ಬೆನ್ನಿನಿಂದ ಒಂದು ಕೈಯಷ್ಟು ದೂರದಲ್ಲಿ ನಿಂತಳು.

"ಉಳಿದದ್ದು?" ಎಂದು ತಮ್ಮನು ನನ್ನ ಕಿವಿಯಲ್ಲಿ ಕೇಳಿದ. "ಚೀಲ? ಚಾಪೆ?"

"ಸುಮ್ಮನಿರು ಮಾರಾಯ," ಎಂದೆ.

ಸಾಲು ಕದಲಿತು. ಮಕ್ಕಳು ಒಬ್ಬರ ಹಿಂದೆ ಒಬ್ಬರು ತರಗತಿಯೊಳಗೆ ಹೋದರು. ಯಾರೂ ಬೀಳಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ನಿಧಾನವಾಗಿ ನಮ್ಮ ಕಡೆಗೆ ಬಂದರು. ದಾರಿಯಲ್ಲಿ ನಿಂತು ಗೋಡೆಯನ್ನು ನೋಡಿದರು. ಅದರ ಮೇಲೆ ಎರಡು ಸಣ್ಣ ಅಂಗೈಗಳ ಗುರುತು ಮಣ್ಣಿನ ಬಣ್ಣದಲ್ಲಿ ಮೂಡಿತ್ತು.

"ಎರಡನೇ ಕ್ಲಾಸ್ ಮೇಲಿನ ಮಾಳಿಗೆಯಲ್ಲಿ," ಎಂದರು. "ಅಲ್ಲಿ ರಜೆಯಲ್ಲಿ ಹೊಸ ಪೇಂಟ್ ಹೊಡೆಸ್ಲಿಕ್ಕುಂಟು. ಕೈ ತೊಳೆದು ತಳ್ಳಲಿಕ್ಕೆ ಹೇಳಿ."

ತಮ್ಮನು ಎರಡೂ ಕೈ ಜೋಡಿಸಿ ನಿಂತುಬಿಟ್ಟಿದ್ದನು. ಆದ್ದರಿಂದ, ಕೈ ತೊಳೆಯುವ ವಿಚಾರದಲ್ಲಿ ನಮ್ಮ ಮನೆಯವರಿಗೆ ಹೊಸದಾಗಿ ಹೇಳಿಕೊಡಬೇಕಾದದ್ದೇನೂ ಇಲ್ಲವೆಂದು ನಾನೇ ಅವರಿಗೆ ತಿಳಿಸಿದೆ.